ಕೆಂಪು ಚೀಟಿ ಬೀಳದ ಗಾಡಿ

ಎರಡನೇ ಗೇರಿನಿಂದ ಮೂರಕ್ಕೆ ಏರುವಾಗ ಗಾಡಿ ಒಮ್ಮೆ ಬಿಕ್ಕಿತು. ಬುಪ್ಪಾ ಪರೀಕ್ಷೆಯ ಹಾದಿಯಲ್ಲಿ ಇನ್ನೊಂದು ಸುತ್ತು ಹೊಡೆದಳು. ಮತ್ತೆ ಬಿಕ್ಕಿತು, ಈ ಸಲ ಬೆನ್ನಿಗೆ ಯಾರೋ ಗುದ್ದಿದ ಹಾಗೆ. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಗಾಡಿಯಲ್ಲಿ ಗೇರು ಬದಲಾದದ್ದು ಓಡಿಸುವವರಿಗೆ ಗೊತ್ತೇ ಆಗಬಾರದು. ರಯೋಂಗ್ ಪಟ್ಟಣದ ಕಾರ್ಖಾನೆಯೊಂದರಲ್ಲಿ ಪಿಕಪ್ ಗಾಡಿಗಳನ್ನು ಕೊನೆಯದಾಗಿ ಓಡಿಸಿ ನೋಡುವುದು ಅವಳ ಕೆಲಸ. ಇಂಥದಕ್ಕೆ ಕೆಂಪು ಚೀಟಿ ಅಂಟಿಸಬೇಕು. ಚೀಟಿ ಬಿತ್ತೆಂದರೆ ಗಾಡಿ ರಿಪೇರಿ ಅಂಗಳಕ್ಕೆ ಹೋಗಿ, ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು, ತಿಂಗಳು ಕಾಯುತ್ತದೆ.

ಅವಳು ಚೀಟಿ ಸುಲಿಯುವಷ್ಟರಲ್ಲಿ ಪಾಳಿಯ ಮೇಲ್ವಿಚಾರಕ ವಿರೋಟ್ ಓಡೋಡಿ ಬಂದ.

"ತಡಿ ಬುಪ್ಪಾ. ಅದು ನನ್ ಗಾಡಿ ಕಣಮ್ಮ."

ಸಂಖ್ಯೆಯ ಕೊನೆಗೆ ಸಾಲಾಗಿ ಮೂರು ಒಂಬತ್ತು ಬರುವ ಗಾಡಿಯನ್ನೇ ಕೊಳ್ಳಬೇಕೆಂದು ಅವನು ಕಾದು ಕೂತಿದ್ದದ್ದು ಇಡೀ ಪಾಳಿಗೆ ಗೊತ್ತಿತ್ತು. ಮೂರು ಒಂಬತ್ತು ಮನೆಗೆ ಬಂದರೆ ಏಳಿಗೆ ತಾನಾಗಿ ಬರುತ್ತದಂತೆ.

"ಗೇರು ಜಗ್ತಾ ಇದೆ ಅಣ್ಣ. ಎರಡು ಸುತ್ತು ನೋಡ್ದೆ."

"ಓಡ್ತಾ ಓಡ್ತಾ ಸರಿಹೋಗತ್ತೆ ಬಿಡು. ಶುಕ್ರವಾರ ಗುಡ್ಡದ ವಿಹಾರದಲ್ಲಿ ಭಿಕ್ಷುಗಳು ಗಾಡಿಗೆ ತಿಲಕ ಇಡ್ತಾರೆ. ನಮ್ಮಮ್ಮ ಊರಿಗೆಲ್ಲಾ ಹೇಳ್ಬಿಟ್ಟಿದಾಳೆ. ಅದಕ್ಕೂ ಮೊದ್ಲೇ ಹೊಟ್ಟೆ ಬಗೆಸ್ಕೊಂಡ ಗಾಡೀನ ಮನೆಗೆ ತರ್ಲಾ?"

ಓಡ್ತಾ ಓಡ್ತಾ ಸರಿಹೋಗತ್ತೆ. ಎರಡು ವರ್ಷದ ಹಿಂದೆ ಅವಳ ತಮ್ಮ ದೇಚಾನಿಗೂ ಇವನು ಹೇಳಿದ್ದು ಅದನ್ನೇ. ಗೇರ್‌ಬಾಕ್ಸ್ ಜೋಡಿಸುತ್ತಿದ್ದ ದೇಚಾ ಒಳಗೆ ಲೋಹದ ಪುಡಿ ಕಂಡು ಕೈ ನಿಲ್ಲಿಸಿದ್ದ. ಬಿಡು ಎಂದು ವಿರೋಟ್ ಬಾಯಿಮಾತಿನಲ್ಲಿ ಹೇಳಿ ಹೋದ. ಗಾಡಿಗಳು ಕೆಟ್ಟು ವಾಪಸು ಬಂದಾಗ ಕಂಪ್ಯೂಟರಿನಲ್ಲಿ ಇದ್ದದ್ದು, ಕೆಲಸ ಪಾಸು ಮಾಡಲು ತಾಗಿಸಿದ್ದ ದೇಚಾನ ಗುರುತಿನ ಕಾರ್ಡು. ಯಾರ ಕಾರ್ಡಿನಲ್ಲಿ ದೋಷ ಹೊರಬಿತ್ತೋ ಅವರು ಬೆಳಗಿನ ಸಾಲಿನೆದುರು ಹಳದಿ ಗೆರೆಯ ಮೇಲೆ ನಿಂತು, ಅದನ್ನು ಓದಿ, ಕೈಮುಗಿದು ಕ್ಷಮೆ ಕೇಳಬೇಕು ಎಂಬುದು ಅಲ್ಲಿನ ಪದ್ಧತಿ. ದೇಚಾ ಕೇಳಿದ. ವಿರೋಟ್ ಪಕ್ಕದಲ್ಲೇ ಕೈಕಟ್ಟಿಕೊಂಡು ಏನೂ ಅರಿಯದವನ ಹಾಗೆ ನಿಂತಿದ್ದ. ಆ ವಾರವೇ ಕೆಲಸ ಬಿಟ್ಟ ಹುಡುಗ ಈಗ ಮೀನಿನ ದೋಣಿಯಲ್ಲಿದ್ದಾನೆ. ದಡಕ್ಕೆ ಬಂದರೂ ಗೋಡೆ ನೋಡಿಕೊಂಡು ಉಣ್ಣುತ್ತಾನೆ.

ಬುಪ್ಪಾಳ ಹೊಟ್ಟೆಯ ಉರಿ ಅಂದಿನಿಂದ ಆರಿರಲಿಲ್ಲ. ಅದೇ ಗೆರೆಯ ಮೇಲೆ ಇವನು ನಿಲ್ಲುವುದನ್ನು ನೋಡಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ. ಅವಳು ಚೀಟಿಯನ್ನು ಮಡಚಿ ಜೇಬಿಗಿಟ್ಟಳು.

"ಆಯ್ತಣ್ಣ. ಕಾರ್ಡ್ ಮಾತ್ರ ನಿಮ್ದೇ ತೋರ್ಸಿ."

"ನಿನ್ ಕಾರ್ಡಿಗೇನಾಯ್ತು?"

"ನಿಮ್ ಗಾಡಿ ಅಲ್ವಾ? ಯಜಮಾನನ ಕೈಯಿಂದಾನೇ ಪಾಸಾದ್ರೆ ಒಳ್ಳೇದು."

ಒಳ್ಳೇದು ಎಂದರೆ ಸಾಕು ಅವನಿಗೆ. ಕೊರಳಲ್ಲಿದ್ದ ಕಾರ್ಡನ್ನು ತಾಯತಗಳ ಸಿಕ್ಕಿನಿಂದ ಬಿಡಿಸಿ, ನಗುತ್ತಲೇ ಸ್ಕ್ಯಾನರಿಗೆ ತಾಗಿಸಿದ. ಹಸಿರು ದೀಪ ಹತ್ತಿತು. ಆ ಮಧ್ಯಾಹ್ನ ಬುಪ್ಪಾ ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ಕೈತೊಳೆಯುವಾಗ ಅವನ ತಾಯಿಯೂ ಆ ಗಾಡಿ ಹತ್ತುತ್ತಾಳೆ ಎಂಬುದು ನೆನಪಾಯಿತು. ನೆನಪನ್ನೂ ಕೈಯ ಜೊತೆಗೇ ತೊಳೆದುಕೊಂಡಳು.

ಶುಕ್ರವಾರ ಪಾಳಿಯವರೆಲ್ಲ ಬೈಕುಗಳಲ್ಲಿ ಗಾಡಿಯ ಹಿಂದೆ ಹೊರಟರು. ಗುಡ್ಡದ ಅರ್ಧ ಏರಿನಲ್ಲಿ ಎಂಜಿನ್ನು ಅರಚಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಬದಲಿಗೆ ಹಿಂದಕ್ಕೆ ಜಾರಿತು. ಹಿಂಬದಿಯಲ್ಲಿ ಅಡುಗೆಯ ಪಾತ್ರೆ ಹಿಡಿದು ಕೂತಿದ್ದ ನೆಂಟರು ಕೂಗಿಕೊಂಡರು. ಬುಪ್ಪಾ ಬೈಕು ನಿಲ್ಲಿಸಿ ಹಾರಿ ಇಳಿದಳು. ಬ್ರೇಕು ಹಿಡಿಯಿತು. ವಿರೋಟನ ಮುದಿ ತಾಯಿ ಹೂವಿನ ತಟ್ಟೆಯೊಂದಿಗೆ ಇಳಿದು, ಏದುಸಿರು ಬಿಡುತ್ತ ಬಾನೆಟ್ಟಿನ ಕಡೆ ನೋಡಿದಳು.

"ಮೂರ್ ಮೂರು ಒಂಬತ್ತು ಇಟ್ಕೊಂಡು ಇದಕ್ಕೇನು ಬಂತು ರೋಗ?"

ಯಾರೋ ಮೊಬೈಲಿನಲ್ಲಿ ಹಿಡಿದರು. ಹುಡುಗರು ನಗು ತಡೆದುಕೊಂಡು ತಳ್ಳಿದರು. ಬುಪ್ಪಾ ತಳ್ಳಲಿಲ್ಲ, ನೆರಳು ಹುಡುಕಿಕೊಂಡು ನಿಂತಳು. ಸಂಜೆಯೊಳಗೆ ವಿಡಿಯೊ ಕಾರ್ಖಾನೆಯ ದೊಡ್ಡವರಿಗೂ ತಲುಪಿತು.

ಸೋಮವಾರ ಬೆಳಿಗ್ಗೆ ವಿರೋಟ್ ಹಳದಿ ಗೆರೆಯ ಮೇಲೆ ನಿಂತಿದ್ದ. ಗಾಡಿಯ ಸಂಖ್ಯೆ ಓದಿದ, ದೋಷ ಓದಿದ. ಪಾಸು ಮಾಡಿದವರ ಹೆಸರಿಗೆ ಬಂದಾಗ ಹಾಳೆಯಿಂದ ತಲೆ ಎತ್ತಿದ.

"ವಿರೋಟ್," ಎಂದ. "ತಪ್ಪು ನಂದೇ."

ಅವನು ಕೈಮುಗಿದ. ದೊಡ್ಡವರು ಮುಗಿದ ಕೈಗೆ ಮರಳಿ ಮುಗಿಯದೆ ಇರುವುದು ಆ ನಾಡಿನಲ್ಲಿ ಯಾರಿಂದಲೂ ಆಗುವುದಿಲ್ಲ. ದೇಚಾನನ್ನು ಬಲ್ಲವರೂ ಸೇರಿದಂತೆ ಸಾಲಿಗೆ ಸಾಲೇ ಕೈಮುಗಿಯಿತು. ಬುಪ್ಪಾಳ ಕೈಗಳೂ ತಾವಾಗಿಯೇ ಎದ್ದು ಎದೆಯವರೆಗೆ ಬಂದವು. ಅವಳು ತಲೆಯ ಟೋಪಿ ಕಿತ್ತು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೆಳಗಿಳಿಸಿದಳು.

"ಅಕ್ಕ, ಕೈ," ಎಂದು ಪಕ್ಕದವಳು ಮೊಣಕೈಯಲ್ಲಿ ತಿವಿದಳು.

ವಿರೋಟ್ ಮುಗಿದ ಕೈ ಬಿಡದೆ ಅವಳನ್ನೇ ನೋಡುತ್ತಿದ್ದ. ಗಂಟೆ ಹೊಡೆಯಿತು. ಸಾಲು ಕರಗಿ ಜನ ಯಂತ್ರಗಳ ಕಡೆ ಹೋದರು. ಅವರಿಬ್ಬರೇ ಉಳಿದರು. ಅವಳು ಟೋಪಿಯಿಂದ ಕೈ ತೆಗೆಯಲಿಲ್ಲ.