ಎರಡೂವರೆ ನಿಮಿಷ

"ತಲೆಗೆ ಏನಾದರೂ ಪೆಟ್ಟು ಬಿದ್ದಿತ್ತಾ, ಈ ಮೂರ್ನಾಲ್ಕು ತಿಂಗಳಲ್ಲಿ?" ಡಾಕ್ಟರ್ ನರಸಿಂಹ ಎರಡನೇ ಸಲ ಕೇಳಿದರು.

"ಇಲ್ಲ ಸಾಮಿ," ಎಂದಳು ಪಾಪಮ್ಮ. "ಆಟಕ್ಕೋಗಿದ್ದಾಗ ಬಿಸ್ಲು ಬಡೀತು. ಅದ್ರ ಮ್ಯಾಲೆ ಕಣ್ಣಾಯ್ತು. ಅಷ್ಟೇಯ."

ಅವಳ ಮಗಳು ಕೋಮಲ, ಹತ್ತನೇ ತರಗತಿಯ ಹುಡುಗಿ, ಟ್ಯೂಬ್‌ಲೈಟಿನ ಬೆಳಕಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. "ನಂಗೇನೂ ಗ್ಯಾಪ್ಕ ಇಲ್ಲ ಸಾರ್," ಎಂದಳು. "ನಮ್ ಪೀಟಿ ಮೇಷ್ಟ್ರು ಅಲ್ಲೇ ಇದ್ರಲ್ಲ, ಅವರ್ನ ಕೇಳಿ."

ಎಲ್ಲರೂ ಪ್ರೇಮ್‌ಕುಮಾರನ ಕಡೆ ತಿರುಗಿದರು. ಅವನು ಕೈಯಲ್ಲಿದ್ದ ಸ್ಕ್ಯಾನಿನ ಕವರನ್ನು ಡಾಕ್ಟರ ಕಡೆ ಸರಿಸಿದ.

ಮೂಗೂರಿನಾಚೆಯ ಹಳ್ಳಿಯ ಹೈಸ್ಕೂಲಿನಲ್ಲಿ ಅವನು ಆಟದ ಮೇಷ್ಟ್ರು. ಆ ಮನೆಯವರಿಗೆ ಅವನ ಮೇಲೆ ಇನ್ನಿಲ್ಲದ ನಂಬಿಕೆ. ಮೂರು ತಿಂಗಳಿಂದ ಹುಡುಗಿಗೆ ಮೊಟ್ಟೆ, ಗ್ಲೂಕೋಸ್ ತಂದುಕೊಟ್ಟವನು ಅವನು. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದವನು ಅವನು. ನಂಜನಗೂಡಿನ ಈ ನರ್ಸಿಂಗ್ ಹೋಮಿಗೆ ಗುರುವಾರ ಗುರುವಾರ ಮೈಸೂರಿನಿಂದ ನರಗಳ ಡಾಕ್ಟರು ಬರುತ್ತಾರೆಂದು ಪತ್ತೆಮಾಡಿ, ಮೊದಲ ಬಸ್ಸಿಗೇ ಬಂದು ಚೀಟಿ ಬರೆಸಿದವನೂ ಅವನೇ. ಒಂದೇ ಒಂದು ಮಾತು ಹೇಳುವುದನ್ನು ತಪ್ಪಿಸಿಕೊಳ್ಳಲು ಮನುಷ್ಯ ಎಷ್ಟೆಲ್ಲ ಒಳ್ಳೆಯ ಕೆಲಸ ಮಾಡುತ್ತಾನೆ ನೋಡಿ.

ಸೆಪ್ಟೆಂಬರಿನಲ್ಲಿ ನರಸೀಪುರದಲ್ಲಿ ತಾಲ್ಲೂಕು ಮಟ್ಟದ ಖೊಖೊ ಫೈನಲ್ ನಡೆದಿತ್ತು. ಅವನ ಶಾಲೆ ಅಲ್ಲಿಯವರೆಗೆ ಫೈನಲ್ ಹಾಗಿರಲಿ, ಎರಡನೇ ಸುತ್ತನ್ನೂ ಕಂಡಿರಲಿಲ್ಲ. ಹನ್ನೆರಡು ಹುಡುಗಿಯರಲ್ಲಿ ಮೂವರು ಅಮ್ಮ ಎದ್ದು, ಮೈತುಂಬ ಗುಳ್ಳೆಯಾಗಿ ಮನೆಯಲ್ಲಿ ಮಲಗಿದ್ದರು. ಉಳಿದದ್ದು ಆಟಕ್ಕೆ ಸರಿಯಾಗಿ ಬೇಕಾದ ಒಂಬತ್ತು ಮಂದಿ. ಮೊದಲ ಇನ್ನಿಂಗ್ಸಿನ ಕೊನೆಯಲ್ಲಿ ಕೋಮಲ ಎದುರಾಳಿಯನ್ನು ಅಟ್ಟಿಕೊಂಡು ಹೋಗಿ ಕಂಬದ ಬುಡಕ್ಕೆ ಹಾರಿದಳು. ಕೈ ಎದುರಾಳಿಯ ಕಾಲಿಗೆ ತಾಗಿತು, ಹಣೆಯ ಪಕ್ಕ ಕಂಬಕ್ಕೆ ಬಡಿಯಿತು. ಔಟ್ ಎಂದು ಶಿಳ್ಳೆ ಊದಿದರು. ಕೋಮಲ ಏಳಲಿಲ್ಲ.

ಮುಖಕ್ಕೆ ನೀರು ಚಿಮುಕಿಸಿದರು. ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಕಣ್ಣು ಬಿಟ್ಟವಳು, ಇದು ಯಾವ ಊರು ಎಂದು ಪ್ರೇಮ್‌ಕುಮಾರನನ್ನು ಕೇಳಿದಳು. ಹೇಳಿದ. ಮತ್ತೆ ಅದನ್ನೇ ಕೇಳಿದಳು. ರಕ್ತ ಬಂದಿರಲಿಲ್ಲ, ಬರೀ ಒಂದು ಬುಗುಟು. ಪ್ರೇಮ್‌ಕುಮಾರ್ ಕಬಡ್ಡಿ ಆಡುವ ಕಾಲದಲ್ಲಿ ಇಂಥ ಎಷ್ಟೋ ಪೆಟ್ಟು ತಿಂದು, ತಲೆ ಕೊಡವಿಕೊಂಡು ಎದ್ದು ಆಡಿದವನು. "ಆಡ್ತೀಯೇನವ್ವ?" ಎಂದ. "ಊಂ ಸಾ," ಎಂದಳು. ಇಳಿಸಿದ. ಗೆದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮೂರು ಸಲ ವಾಂತಿ ಮಾಡಿಕೊಂಡಳು. "ಪೆಟ್ಟಿನ ಸುದ್ದಿ ಮನೇಲಿ ಎತ್ಬೇಡಿ ಕಣ್ರವ್ವ. ಆಮೇಲೆ ನಿಮ್ಮನ್ನ ಯಾರೂ ಜಿಲ್ಲಾ ಮಟ್ಟಕ್ಕೆ ಕಳಿಸಲ್ಲ," ಎಂದು ಪ್ರೇಮ್‌ಕುಮಾರ್ ಉಳಿದವರಿಗೆ ಹೇಳಿದ. ಆ ಮಾತು ನಿಜವೆಂದು ಹುಡುಗಿಯರಿಗೂ ಗೊತ್ತಿತ್ತು. ಹೆಣ್ಣುಮಕ್ಕಳ ಆಟವೆಂದರೆ ಮೂಗು ಮುರಿಯುವ ಮನೆಗಳಿಂದಲೇ ಬಂದವರು ಅವರು. ಬಾಯಿಗೆ ಬೀಗ ಹಾಕಿಕೊಂಡರು.

ಪಾಪಮ್ಮ ಮಗಳ ಮುಖ ನೋಡಿದವಳೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. "ಯಾರ್ದಾರೂ ಕಣ್ಣು ಬಿತ್ತಾ ಸಾ?"

"ಇರಬೌದು ಕಣವ್ವ," ಎಂದ ಪ್ರೇಮ್‌ಕುಮಾರ್. ದಾರಿ ತಾನಾಗಿ ಸಿಕ್ಕಿತ್ತು. "ಎಲ್ರೂ ಇವಳನ್ನೇ ನೋಡ್ತಿದ್ರು."

ನಿವಾಳಿಸಿದ ಮೆಣಸಿನಕಾಯಿ ಒಲೆಗೆ ಬಿತ್ತು. ಘಾಟು ಬರಲಿಲ್ಲ. ಕಣ್ಣೇ ಎಂದು ಖಾತ್ರಿಯಾಯಿತು.

ಅಂದಿನಿಂದ ಕೋಮಲ ಮೊದಲಿನ ಕೋಮಲ ಆಗಿರಲಿಲ್ಲ. ನಾಲ್ಕು ಸಾಲು ಓದಿದರೆ ತಲೆನೋವು. ಬೆಲ್ಲು ಹೊಡೆದರೆ ಕಿವಿ ಮುಚ್ಚಿಕೊಂಡು ಅಳು. ಬೆಳಿಗ್ಗೆ ಬಾಯಿಪಾಠ ಮಾಡಿದ ಪದ್ಯ ಮಧ್ಯಾಹ್ನಕ್ಕೆ ಮಾಯ. ಕಪ್ಪು ಗೆದ್ದು ಕೊಬ್ಬು ಬಂದಿದೆ ಎಂದರು ಮೇಷ್ಟ್ರುಗಳು. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಬಂದದ್ದೇ ತಡ, ಹಾಗಾದರೆ ನಾಟಕವೇ ಸೈ ಎಂದು ಹೆಡ್‌ಮಾಸ್ಟರು ಸಂಜೆ ಎರಡು ಗಂಟೆ ಹೆಚ್ಚಿಗೆ ಕೂರಿಸಿ ಓದಿಸತೊಡಗಿದರು. ಎದುರಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಪ್ರೇಮ್‌ಕುಮಾರ್, ಪುಸ್ತಕದ ಮೇಲೆ ತಲೆ ಹಿಡಿದು ಕೂತ ಹುಡುಗಿಯನ್ನು ಕಿಟಕಿಯಲ್ಲಿ ದಿನಾ ಕಂಡ. ಕಂಡಾಗಲೆಲ್ಲ ಮೊಟ್ಟೆ ತಂದುಕೊಟ್ಟ.

"ಸ್ಕ್ಯಾನ್ ಕ್ಲೀನಾಗಿದೆ," ಎಂದರು ಡಾಕ್ಟರು, ಫಿಲ್ಮನ್ನು ದೀಪಕ್ಕೆ ಹಿಡಿದು. "ಪೆಟ್ಟೂ ಬಿದ್ದಿಲ್ಲ ಅಂದರೆ ಮನಸ್ಸಿನ ಡಾಕ್ಟರಿಗೆ ಒಂದು ಸಲ ತೋರಿಸಿಬಿಡಿ."

ಗೋಡೆಗೆ ಒರಗಿ ನಿಂತಿದ್ದ ಕೋಮಲಳ ಅಪ್ಪ ಚನ್ನಯ್ಯ ಮೊದಲ ಸಲ ಬಾಯಿ ಬಿಟ್ಟ. "ಇನ್ನೆಲ್ಲಿಗೂ ಬ್ಯಾಡ ಸಾಮಿ. ಓದು ತಲೆಗತ್ತಕಿಲ್ಲ ಅಂತ ಗೊತ್ತಾಯ್ತಲ್ಲ. ಸೋಮಾರದಿಂದ ಇಸ್ಕೂಲ್ ಬುಡ್ಸಿ ಊದುಗಡ್ಡಿ ಒಸೆಯಕ್ಕೆ ಕುಂಡ್ರಿಸ್ತೀನಿ."

ಕೋಮಲ ಅಳಲಿಲ್ಲ, ಹಟ ಮಾಡಲಿಲ್ಲ. "ಊಂ ಕಣಪ್ಪ. ನಂಗೆ ಓದಕ್ಕಾಗಕಿಲ್ಲ," ಎಂದಳು. ಎಲ್ಲರೂ ಹೇಳಿದ್ದನ್ನು ಅವಳೂ ನಂಬಿಬಿಟ್ಟಿದ್ದಳು.

"ಬಿದ್ದಿತ್ತು ಸಾರ್," ಎಂದ ಪ್ರೇಮ್‌ಕುಮಾರ್. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಖೊಖೊ ಕಂಬಕ್ಕೆ ಹಣೆ ಬಡೀತು."

ಡಾಕ್ಟರು ಫಿಲ್ಮನ್ನು ಕೆಳಗಿಟ್ಟರು. "ಪ್ರಜ್ಞೆ ತಪ್ಪಿತ್ತಾ?"

"ತಪ್ಪಿತ್ತು. ಎರಡೂವರೆ ನಿಮಿಷ."

"ಅಷ್ಟು ಕರೆಕ್ಟಾಗಿ ಹೇಗೆ ಹೇಳ್ತೀರಿ?"

ಅಂದಾಜಿನ ಮೇಲೆ ಹೇಳಿದೆ ಎಂದರೆ ಮುಗಿಯುತ್ತಿತ್ತು. "ವಾಚ್ ನೋಡ್ತಾ ಇದ್ದೆ ಸಾರ್," ಎಂದ. "ಮುಂದಿನ ಇನ್ನಿಂಗ್ಸಿಗೆ ಇನ್ನೆಷ್ಟು ಹೊತ್ತಿದೆ ಅಂತ."

ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ಆಮೇಲೆ ಕೋಮಲಳಿಗೇ ಹೇಳಿದರು. "ನೀನು ದಡ್ಡಿಯಲ್ಲಮ್ಮ. ಪೆಟ್ಟಿಗೆ ಮಿದುಳು ಒಳಗೇ ಅಲುಗಾಡಿದೆ. ಅದು ಸ್ಕ್ಯಾನಿನಲ್ಲಿ ಕಾಣಲ್ಲ. ವಾಸಿಯಾಗುತ್ತೆ. ಓದು, ಟೀವಿ ಎಲ್ಲಾ ಸ್ವಲ್ಪ ಸ್ವಲ್ಪವೇ ಶುರುಮಾಡು, ತಲೆ ನೋಯ್ತು ಅಂದರೆ ನಿಲ್ಲಿಸು. ಆಟ ಮಾತ್ರ ನಾನು ಹೇಳೋ ತನಕ ಬೇಡ." ಪ್ರೇಮ್‌ಕುಮಾರನ ಕಡೆ ತಿರುಗಿ, "ಮೊದಲೇ ಹೇಳಿದ್ದರೆ ಇಷ್ಟು ದಿನ ಎಳೀತಿರಲಿಲ್ಲ. ಅವತ್ತೇ ಇನ್ನೊಂದು ಪೆಟ್ಟು ಬಿದ್ದಿದ್ದರೆ ಹುಡುಗಿ ಉಳೀತಿರಲಿಲ್ಲ," ಎಂದರು. ಒಂದು ಬಿಳಿ ಹಾಳೆ ತಳ್ಳಿದರು. "ನಿಮ್ಮ ಹೆಡ್‌ಮಾಸ್ಟರಿಗೆ ನಾನು ಸರ್ಟಿಫಿಕೇಟ್ ಕೊಡ್ತೀನಿ. ನೋಡಿದ್ದನ್ನ ನೀವು ಬರೆದು ಸಹಿ ಹಾಕಿ, ಜೊತೇಲಿ ಲಗತ್ತಿಸೋಣ."

ಬರೆದ. 'ಮತ್ತೆ ಆಡಿದಳು' ಎಂದು ಬರೆದದ್ದನ್ನು ಹೊಡೆದುಹಾಕಿ, 'ನಾನು ಮತ್ತೆ ಆಡಿಸಿದೆ' ಎಂದು ಬರೆದ. ಸಹಿ ಹಾಕಿ ಹಾಳೆಯನ್ನು ಡಾಕ್ಟರ ಕಡೆ ತಳ್ಳಿದ.

ಹೊರಗೆ ಬಂದ ಮೇಲೆ ಚನ್ನಯ್ಯ ಬೀಡಿ ಹಚ್ಚಿಕೊಂಡು ದೂರ ಹೋಗಿ ನಿಂತ. ಅವನು ಬೈದಿದ್ದರೆ ಪ್ರೇಮ್‌ಕುಮಾರನಿಗೆ ಹಾಯೆನಿಸುತ್ತಿತ್ತು. ಪಾಪಮ್ಮ ಮಾತ್ರ ಎದುರಿಗೆ ಬಂದಳು.

"ಕಣ್ಣು ಅಂದ್ರಲ್ಲ ಸಾ ನೀವು."

"ತಪ್ಪಾಯ್ತು ಕಣವ್ವ."

"ಎದುರ್ಮನೆ ರುದ್ರಾಣಿದೇ ಕಣ್ಣು ಅಂತ ಬೀದೀಲಿ ನಿಂತ್ಕಂಡು ಉಗ್ದೆ. ಮಕ್ಕಳಿಲ್ದೋಳು, ಒಟ್ಟೆಕಿಚ್ಚು ಅಂದೆ. ಇವಳು ಉಟ್ಟಾಗ ನನ್ ಬಾಣಂತನ ಮಾಡ್ದೋಳು ಅವ್ಳು ಸಾ. ಮೂರು ತಿಂಗ್ಳಿಂದ ಬಾಗ್ಲು ತಗ್ದು ಈಚ್ಗೆ ಕುಂತಿಲ್ಲ." ಪಾಪಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಒಳ್ಗೆ ಏಳುದ್ರಲ್ಲ, ಅದ್ನೇ ಬಂದು ಅವ್ಳ ಮುಂದೆ ಏಳಿ."

ಡಾಕ್ಟರ ಮುಂದೆ ಹೇಳುವುದು ಬೇರೆ. ಹಳ್ಳಿಯ ಬೀದಿಯಲ್ಲಿ, ತಾನು ಆಟ ಕಲಿಸುವ ಮಕ್ಕಳ ಮುಂದೆ ಹೇಳುವುದು ಬೇರೆ. "ಇನ್ನೊಂದಿನ ಬತ್ತೀನಿ ಕಣವ್ವ," ಎಂದ. ಅವಳು ಮಗಳ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಅವನು ಇದ್ದದ್ದು ನರಸೀಪುರದ ಬಾಡಿಗೆ ರೂಮಿನಲ್ಲಿ. ಮೂಗೂರಿಗೆ ಮೂರು, ನರಸೀಪುರಕ್ಕೊಂದು ಟಿಕೆಟ್ ತೆಗೆದ. ಬೇರೆ ದಿನವಾಗಿದ್ದರೆ ಚನ್ನಯ್ಯ ಎದ್ದು ಮೇಷ್ಟ್ರಿಗೆ ಸೀಟು ಬಿಡುತ್ತಿದ್ದ. ಇವತ್ತು ಕಿಟಕಿಯ ಕಡೆ ಮುಖ ಮಾಡಿ ಕೂತ. ನಡುವೆ ಪಾಪಮ್ಮ, ಈಚೆಗೆ ಕೋಮಲ. ಪ್ರೇಮ್‌ಕುಮಾರ್ ಅವಳ ಪಕ್ಕದಲ್ಲಿ ನಿಂತ. ಊರು ದಾಟುವಷ್ಟರಲ್ಲಿ ಕೋಮಲಳಿಗೆ ಜೊಂಪು ಹತ್ತಿ, ತಲೆ ಮುಂದಿನ ಸೀಟಿನ ಸರಳಿನ ಕಡೆ ವಾಲಿತು. ಅವನು ಬಗ್ಗಿ ಸರಳಿಗೆ ತನ್ನ ಬಲಗೈ ಅಡ್ಡವಿಟ್ಟ. ಹಣೆ ಬಂದು ಅಂಗೈಯಲ್ಲಿ ಕೂತಿತು. ರಸ್ತೆಯ ಒಂದೊಂದು ಗುಂಡಿಗೂ ಬೆರಳ ಗೆಣ್ಣುಗಳು ಕಬ್ಬಿಣಕ್ಕೆ ತಾಕಿದವು.

"ನರಸೀಪುರ, ಇಳ್ಕೊಳಿ. ಸಾ, ನಿಮ್ದು ಇಲ್ಲೇಯ," ಎಂದ ಕಂಡಕ್ಟರು.

ಇಳಿಯುವವರು ಅವನ ಮೈಗೆ ಮೈ ಉಜ್ಜಿಕೊಂಡು ಹೋದರು. ಹತ್ತುವವರು ಹತ್ತಿದರು. ಪ್ರೇಮ್‌ಕುಮಾರ್ ಬಾಗಿಲ ಕಡೆ ನೋಡಿದ, ಪಾಪಮ್ಮನ ಕಡೆ ನೋಡಿದ.

"ಮೂಗೂರಿಗೆ ಒಂದು ಕೊಡಪ್ಪ," ಎಂದ.

ಚಿಲ್ಲರೆ ಇದ್ದದ್ದು ಪ್ಯಾಂಟಿನ ಬಲಜೇಬಿನಲ್ಲಿ. ಬಲಗೈಯ ಮೇಲೆ ಹುಡುಗಿ ನಿದ್ದೆಹೋಗಿದ್ದಳು. ಅವನು ಎಡಗೈಯನ್ನು ಹೊಟ್ಟೆಯ ಮೇಲಿಂದ ತಂದು, ಸೊಂಟ ತಿರುಚಿ, ಜೇಬಿಗಾಗಿ ತಡಕಾಡತೊಡಗಿದ. ಬಸ್ಸು ಹೊರಟಿತು. ಕಂಡಕ್ಟರು ಟಿಕೆಟ್ ಹರಿದು ಹಿಡಿದುಕೊಂಡು ಕಾಯುತ್ತ ನಿಂತಿದ್ದ. ಪಾಪಮ್ಮ ನೋಡುತ್ತಿದ್ದಳು.