ನೇಗಿಲು ಬಳಸಿ ಹೋದ ನೆಲ

ಬಕ್ಕಪ್ಪ ಹಾರೆಯ ತುದಿಯಿಂದ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಎರಡು ಹೆಜ್ಜೆ ಅಳೆದು, ಅಡ್ಡಕ್ಕೂ ಒಂದು ಎಳೆದ. ಇಲ್ಲೇ ಅಗೆ ಎಂದು ತಲೆಯೆತ್ತಿ ನೋಡಿದರೆ ಕಿಷ್ಟಪ್ಪ ಸಲಿಕೆಯ ಮೇಲೆ ಕೈಯೂರಿ ನಿಂತೇ ಇದ್ದ. ಊರ ಕ್ರೈಸ್ತರ ಗೋರಿಗಳನ್ನೆಲ್ಲ ಅಗೆದವನು ಅವನು. ಇಷ್ಟು ವರ್ಷಗಳಲ್ಲಿ ಸಭೆಯ ಹಿರಿಯನಾದ ಬಕ್ಕಪ್ಪನ ಮಾತಿಗೆ ಒಮ್ಮೆಯೂ ತಡಮಾಡಿದವನಲ್ಲ.

"ಅಯ್ಯಗೋರು ತಡಿ ಅಂದಾರ್ರಿ," ಎಂದ ಕಿಷ್ಟಪ್ಪ. "ನಿಮ್ಮ ಸಂಗಡ ಮಾತಾಡೂದು ಅದ ಅಂತ."

ಬಕ್ಕಪ್ಪ ಹಾರೆಯನ್ನು ಗೋಡೆಗೆ ಒರಗಿಸಿದ, ಮತ್ತೆ ಕೈಗೆತ್ತಿಕೊಂಡ. ಬೆಳಗಿನ ಜಾವ ಹೆಂಡತಿ ಜನಾಬಾಯಿ ತೀರಿಕೊಂಡಾಗಿನಿಂದ ಅವನು ಒಂದು ಗಳಿಗೆಯೂ ಕುಳಿತಿರಲಿಲ್ಲ. ಮೊಗುಡಂಪಲ್ಲಿಯ ನೆಂಟರಿಗೆ ಸುದ್ದಿ ಕಳಿಸಿದ, ಪೆಟ್ಟಿಗೆಗೆ ಹಲಗೆ ಹೊಂದಿಸಿದ, ಮೂರು ಸಲ ಮನೆಗೂ ಗೋರಿತೋಟಕ್ಕೂ ಓಡಾಡಿದ. ಹೆಣದ ಬಳಿ ಮಾತ್ರ ಕೂಡಲಿಲ್ಲ. ಅವನ ಕಾಲಿಗೇನು ಚಕ್ರ ಕಟ್ಟಿದೆಯೇನು ಎಂದು ಹೆಂಗಸರು ತಮ್ಮತಮ್ಮಲ್ಲೇ ಅಂದುಕೊಂಡರು.

ಗೋರಿತೋಟದ ಗೋಡೆ ಬಿಳಿಯ ಪಾದ್ರಿಯ ಕಾಲದ್ದು. ಹರೆಯದಲ್ಲಿ ಅದಕ್ಕೆ ಕಲ್ಲು ಹೊತ್ತವನೇ ಬಕ್ಕಪ್ಪ. ದೀಕ್ಷಾಸ್ನಾನ ಪಡೆದು ಸಭೆಯ ಪುಸ್ತಕದಲ್ಲಿ ಹೆಸರು ಬರೆಸಿದವರು ಗೋಡೆಯ ಒಳಗೆ, ಮಿಕ್ಕವರು ಹೊರಗೆ. ಬಾಗಿಲ ಬೀಗದ ಕೈ ಇವತ್ತಿಗೂ ಅವನ ಸೊಂಟದಲ್ಲೇ ಇತ್ತು.

ಸಭೆಯ ಬೋಧಕ, ಅಯ್ಯಗೋರು ಧರ್ಮಣ್ಣ ಬಂದರು, ಹಿಂದೆ ಪಕ್ಕದ ಮನೆಯ ಗುಂಡಮ್ಮ. ಧರ್ಮಣ್ಣ ದೂರದ ಪಟ್ಟಣದಲ್ಲಿ ಮೂರು ವರ್ಷ ದೇವರ ವಿದ್ಯೆ ಓದಿ ಬಂದ ಹುಡುಗ. ಮೀಸೆ ಇನ್ನೂ ಪೂರ್ತಿ ಬಲಿತಿರಲಿಲ್ಲ. ಬಂದ ವರ್ಷವೇ ಬೆಂಚು ಹೊರಗಿಟ್ಟು ಸಭೆಯನ್ನು ಚಾಪೆಯ ಮೇಲೆ ಕೂಡಿಸಿದ್ದ. ಏಕತಾರಿ, ತಾಳ ತರಿಸಿ ಭಜನೆ ಹಾಡಿಸಿದ್ದ. ಲೋಕವನ್ನು ಆರೇ ದಿನದಲ್ಲಿ ಮಾಡಿದ್ದೆಂದು ಗಡಿಯಾರ ಹಿಡಿದು ಎಣಿಸಬೇಕಿಲ್ಲ ಎಂದಿದ್ದ. ಇವನ ಮೇಲೆ ಬಕ್ಕಪ್ಪ ದೊಡ್ಡ ಪಾದ್ರಿಗೆ ಮೂರು ದೂರಿನ ಕಾಗದ ಬರೆದಾಗಿತ್ತು. ಮೂರನೆಯದು ಕಳೆದ ಈಸ್ಟರ್ ಹಬ್ಬದ್ದು. ಸ್ನಾನವಾಗದೆ ಸತ್ತ ಕೂಸೂ ದೇವರ ಮಡಿಲಲ್ಲೇ ಇರುತ್ತದೆ ಎಂದು ಧರ್ಮಣ್ಣ ಅವತ್ತು ಬೋಧಿಸಿದ್ದ. ಜನಾಬಾಯಿ ಬೋಧನೆಯ ನಡುವೆಯೇ ಎದ್ದು ಹೊರಗೆ ಹೋಗಿದ್ದಳು. ನನ್ನ ಹೆಂಡತಿಗೂ ಸಹಿಸಲಾಗಲಿಲ್ಲ ಎಂದು ಬಕ್ಕಪ್ಪ ಕಾಗದದಲ್ಲಿ ಸೇರಿಸಿದ್ದ.

"ಬಕ್ಕಪ್ಪನೋರೆ," ಎಂದ ಧರ್ಮಣ್ಣ, "ಜನಾಬಾಯವ್ವ ಹೋದ ವಾರ ನನ್ನ ಕರೆಸಿದ್ರು. ನನ್ನನ್ನ ಒಳಗ ಇಡಬ್ಯಾಡ್ರಿ, ಗ್ವಾಡಿ ಹೊರಗ ಕೂಸಿನ ಬಾಜೂಕ ಇಡ್ರಿ ಅಂದ್ರು."

ಬಕ್ಕಪ್ಪ ಹಾರೆಯನ್ನು ನೆಲಕ್ಕೆ ಊರಿದ.

"ಹೊರಗ ಇಟ್ರ ಹಿರಿಯನ ಹೆಂಡತೀನ ಸಭೆಯಿಂದ ತಗದ್ರು ಅಂತಾರ. ಆಗೂದಿಲ್ರಿ," ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನೆಂದು ಊರು ಅವನನ್ನು ಆಡಿಕೊಳ್ಳುತ್ತಿತ್ತು. ಆದರೆ ಇವತ್ತು ಅವನನ್ನು ಹಿಡಿದು ಅಲ್ಲಾಡಿಸುತ್ತಿದ್ದುದು ಹಟವಲ್ಲ, ಭಯ.

*

ಇಪ್ಪತ್ತೇಳು ವರ್ಷದ ಹಿಂದೆ ಊರೂರೇ ಜ್ವರದಲ್ಲಿ ಮಲಗಿದ ಕಾಲ. ಬಕ್ಕಪ್ಪನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಗಂಡುಕೂಸು ನಲವತ್ತನೆಯ ದಿನ ಹೋಯಿತು. ಬಕ್ಕಪ್ಪ ಆಗ ಊರ ಉಪದೇಶಿ. ಓದಬಹುದು, ಪ್ರಾರ್ಥಿಸಬಹುದು, ಸ್ನಾನ ಕೊಡುವಂತಿಲ್ಲ. ಅದಕ್ಕೆ ಪಾದ್ರಿಯೇ ಬರಬೇಕು. ಪಾದ್ರಿ ಡೇರೆ ಹೊತ್ತುಕೊಂಡು ಬರುವುದು ಚಳಿಗಾಲಕ್ಕೆ. ಸ್ನಾನವಿಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ಪುಸ್ತಕದಲ್ಲಿ ಜಾಗವಿಲ್ಲ.

ಹಿಂದಿನ ವರ್ಷವಷ್ಟೇ ಕಿಷ್ಟಪ್ಪನ ಅಪ್ಪ ಸ್ನಾನ ಪಡೆಯದೆ ಸತ್ತಾಗ ಬಕ್ಕಪ್ಪ ಮುಲಾಜಿಲ್ಲದೆ ಹೊರಗೆ ಹೂಳಿಸಿದ್ದ. ಈಗ ತನ್ನ ಕೂಸಿಗೆ ಬಾಗಿಲು ತೆಗೆದರೆ ನಾಳೆ ಯಾರ ಮುಖ ನೋಡುವುದು?

"ಎಂಟು ಹೆಜ್ಜಿ ಒಳಗ ಇಟ್ರ ದೇವರಿಗೇನು ಭಾರ?" ಎಂದಷ್ಟೇ ಜನಾಬಾಯಿ ಕೇಳಿದ್ದು. ಹಸಿ ಬಾಣಂತಿ, ಕುಪ್ಪಸ ಹಾಲಿನಿಂದ ತೊಯ್ದಿತ್ತು. ಬಕ್ಕಪ್ಪ ಒಬ್ಬನೇ ಹೋಗಿ ಗೋಡೆಯಾಚೆ ಹೊಲದ ಅಂಚಿನಲ್ಲಿ ಅಗೆದು, ಮುಚ್ಚಿ, ತಿರುಗಿ ನೋಡದೆ ಬಂದ. ಆಮೇಲೆ ಆ ಕಡೆ ಕಾಲಿಡಲಿಲ್ಲ.

ಚಳಿಗಾಲಕ್ಕೆ ಬಿಳಿಯ ಪಾದ್ರಿ ಬಂದರು. ಬಕ್ಕಪ್ಪ ಡೇರೆಯೊಳಗೆ ನಿಂತು ಎಲ್ಲವನ್ನೂ ಹೇಳಿದ, ಶಹಬ್ಬಾಸ್ ಅನ್ನುತ್ತಾರೆಂದು ಕಾದ. ಮುದುಕ ಪಾದ್ರಿ ತಮ್ಮ ಪುಸ್ತಕದ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. "ಅದು ನಂಬಿದವರ ಕೂಸು, ಬಕ್ಕಪ್ಪ. ನೀನು ಒಳಗೆ ಇಡಬಹುದಾಗಿತ್ತು."

ಹೊಸ ಬೋಧನೆ ಇನ್ನೂ ಹುಟ್ಟಿರದ ಕಾಲದಲ್ಲಿ, ಗೋಡೆ ಕಟ್ಟಿಸಿದವರೇ ಆಡಿದ ಮಾತು. ಮನೆಗೆ ಬಂದಾಗ ಜನಾಬಾಯಿ ಕೇಳಿದಳು, ಪಾದ್ರಿ ಸಾಬರು ಕೂಸಿನ ಬಗ್ಗೆ ಏನಾದರೂ ಅಂದರಾ ಎಂದು. ಏನೂ ಅನ್ನಲಿಲ್ಲ ಎಂದ ಬಕ್ಕಪ್ಪ.

ಅದರ ಮುಂದಿನ ಭಾನುವಾರದಿಂದ ಅವಳು ಕರ್ತನ ಭೋಜನಕ್ಕೆ ಕೈ ಚಾಚಲಿಲ್ಲ. ಶನಿವಾರ ಸಭೆಯ ಗುಡಿ ಸಾರಿಸುವಳು, ದೀಪದ ಬುರುಡೆ ಒರೆಸುವಳು; ರೊಟ್ಟಿ ಹಂಚುವಾಗ ಮಾತ್ರ ಬಾಗಿಲ ಬಳಿ ತಲೆ ತಗ್ಗಿಸಿ ಕೂಡುವಳು. ಗಂಡನಿಗೆ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಜಗಳವಾಡಲಿಲ್ಲ. ದುಃಖ ಎಂದುಕೊಂಡ ಬಕ್ಕಪ್ಪ, ಹಾಗೆಂದುಕೊಂಡರೆ ಅವನಿಗೆ ಸುಲಭವಾಗುತ್ತಿತ್ತು.

*

ಹೊತ್ತು ಏರುತ್ತಿತ್ತು. ಕಿಷ್ಟಪ್ಪ ಇನ್ನೂ ಸಲಿಕೆ ಎತ್ತಿರಲಿಲ್ಲ. ಧರ್ಮಣ್ಣ ಮತ್ತೊಮ್ಮೆ ಕೇಳಿಕೊಂಡ. ಬಕ್ಕಪ್ಪ, ಹೊಸ ಬೋಧನೆ ನಿಮಗಿರಲಿ, ನನಗೆ ಹಳೇ ನೇಮವೇ ಸಾಕು ಎಂದು ಗೆರೆಯ ಮೇಲೆ ತಾನೇ ಹಾರೆ ಹಾಕಿದ. ಕಲ್ಲು ತಾಗಿ ಹಾರೆ ಜಾರಿತು.

ಹಿಂದೆ ನಿಂತಿದ್ದ ಗುಂಡಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಹೆಣ ತೊಳೆದು ಬಂದ ಕೈ ಅದು.

"ಬಕ್ಕಪ್ಪಣ್ಣ, ಆಕಿಗಿ ಗೊತ್ತಿತ್ತು," ಎಂದಳು. "ಅವತ್ತ ನಾವಿಬ್ರೂ ಡೇರೆದ ಹಿಂದ ಚಾ ಸೋಸಾಕ್ಹತ್ತಿದ್ದೆವು. ಪಾದ್ರಿ ಸಾಬ್ರು ಅಂದದ್ದು ಇಬ್ರಿಗೂ ಕೇಳಿಸ್ತು. ಯಾರ ಮುಂದೂ ಆಡಬ್ಯಾಡ, ಅಂವನೇ ಬಂದು ಹೇಳಲಿ ಅಂತ ನನ್ನ ಕೈಯಾಗ ಆಣಿ ಹಾಕಿಸ್ಕೊಂಡ್ಲು. ನಿನ್ನಿ ಸಂಜಿತನಕ ಕಾದ್ಲು."

ಬಕ್ಕಪ್ಪ ಹಾರೆ ಹಿಡಿದೇ ಕುಳಿತುಬಿಟ್ಟ. ಬೆಳಗಿನಿಂದ ಅವನು ಕುಳಿತದ್ದು ಅದೇ ಮೊದಲು. ಉಗುಳಲೂ ಆಗದೆ ನುಂಗಲೂ ಆಗದೆ ಬಿಸಿ ತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡಿದ್ದ ಗುಟ್ಟು ಅವಳ ಬಾಯಲ್ಲೂ ಅಷ್ಟೇ ವರ್ಷ ಇತ್ತು. ಒಂದೇ ಒಲೆಯ ಮುಂದೆ, ಎದುರುಬದುರು ಕುಳಿತು ಉಂಡಿದ್ದರು.

"ಹೊರಗೇ ಅಗಿ," ಎಂದ ಕೊನೆಗೆ.

ಎಲ್ಲಿ ಎಂದು ಕಿಷ್ಟಪ್ಪ ಕೇಳಿದ. ಬಕ್ಕಪ್ಪ ಗೋಡೆ ಸುತ್ತಿ ಆಚೆ ಹೋದರೆ ಎದೆಯೆತ್ತರ ಬಿಳಿಜೋಳ. ಎಲ್ಲಿ ಅಗೆದಿದ್ದ? ಬದುವಿನ ಉದ್ದಕ್ಕೂ ಅತ್ತಿತ್ತ ನಡೆದ, ದಂಟು ಸರಿಸಿ ಇಣುಕಿದ. ಹಡೆದ ಅಪ್ಪನಿಗೆ ಜಾಗ ಗೊತ್ತಾಗಲಿಲ್ಲ.

ಮಣ್ಣು ಕೊಡಲೆಂದು ಬಂದಿದ್ದ ಹೊಲದೊಡೆಯ ಮನ್ಮಥಪ್ಪ ಅವನ ಪರದಾಟ ನೋಡಿ, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಮುಂದಾದ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಹತ್ತು ಮಾರು ನಡೆದು ದಂಟು ಸರಿಸಿದ. ಪೈರಿನ ನಡುವೆ ತೊಟ್ಟಿಲ ಅಗಲದ ಬರಿನೆಲ. ಒಂದು ಕಸಕಡ್ಡಿಯೂ ಇರಲಿಲ್ಲ.

ಪ್ರತಿ ಬಿತ್ತನೆಗೂ ಜನಾಬಾಯಿ ಬಂದು ಇಲ್ಲಿ ನಿಲ್ಲುತ್ತಿದ್ದಳಂತೆ. ಅಷ್ಟು ನೆಲ ಬಿಟ್ಟು ತಾನು ಎತ್ತು ಸುತ್ತುಬಳಸಿ ಹೊಡೆಯುತ್ತಿದ್ದೆ ಎಂದ ಮನ್ಮಥಪ್ಪ. ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ, ನಿಮ್ಮ ಗುಡಿಯಲ್ಲಿ ಇನ್ನೂ ಬೋಧನೆ ನಡೆದಿರುವಾಗಲೇ, ಓಡುತ್ತ ಬಂದು ಇಲ್ಲಿ ಕುಳಿತು ನಗುತ್ತ ಅಳುತ್ತಿದ್ದಳೆಂದೂ ಹೇಳಿದ. ಈಸ್ಟರಿನ ದಿನ. ಬಕ್ಕಪ್ಪನಿಗೆ ತನ್ನ ಮೂರನೆಯ ಕಾಗದ ನೆನಪಾಯಿತು.

"ಇಲ್ಲೇ ಅಗಿಸ್ರಿ," ಎಂದ ಮನ್ಮಥಪ್ಪ. "ಇಷ್ಟು ನೆಲಕ್ಕ ನನ್ನೇನು ಕೇಳ್ತೀರಿ."

ಮಧ್ಯಾಹ್ನ ಇಳಿಹೊತ್ತಿಗೆ ಪೆಟ್ಟಿಗೆ ಬಂತು, ಏಕತಾರಿ ತಾಳದ ಜೊತೆಗೇ ಬಂತು. ಬಕ್ಕಪ್ಪ ಬೇಡ ಅನ್ನಲಿಲ್ಲ. ಇಳಿಸಿದ ಮೇಲೆ ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ಬಕ್ಕಪ್ಪ ಎರಡು ಹಾಕಿ ಮೂರನೆಯದನ್ನು ಹಿಡಿದೇ ನಿಂತ. ಧರ್ಮಣ್ಣ ಹತ್ತಿರ ಬಂದು, ಕೂಸಿಗೂ ಒಂದು ಪ್ರಾರ್ಥನೆ ಮಾಡೋಣವಾ, ಹೆಸರೇನು ಎಂದು ಕೇಳಿದ.

ಬಕ್ಕಪ್ಪ ಆ ಕೂಸಿಗೆ ಹೆಸರಿಟ್ಟಿರಲಿಲ್ಲ. ಇಡದ ಹೆಸರಿನ ಕಾರಣಕ್ಕೇ ಹೊರಗೆ ಹಾಕಿದ್ದ. ಸುತ್ತ ನೋಡಿ, ಕೊನೆಗೆ ಬದುವಿನ ಮೇಲೆ ನಿಂತ ಹೊಲದೊಡೆಯನತ್ತ ತಿರುಗಿದ.

"ಆಕಿ ಏನಂತ ಕರೀತಿದ್ಲು?"

"ಭೀಮಶಾ ಅಂತಿದ್ಲು," ಎಂದ ಮನ್ಮಥಪ್ಪ. "ಏಳು ಭೀಮಶಾ, ಮಳಿ ಬಂತು ನೋಡು ಅಂತಿದ್ಲು."

ಅದು ಜನಾಬಾಯಿಯ ಅಪ್ಪನ ಹೆಸರು. ಎಷ್ಟೋ ಮನೆಗಳಲ್ಲಿ ಬಕ್ಕಪ್ಪ ಅಳಿಸಿಹಾಕಿಸಿ, ಬೈಬಲ್ಲಿನ ಹೆಸರು ಬರೆಸಿದ್ದಂಥ ಹೆಸರು. ಅವನು ಬರಿನೆಲದ ಮುಂದೆ ಮೊಣಕಾಲೂರಿದ. ಮುಷ್ಟಿ ಬಿಚ್ಚಿ ಮಣ್ಣನ್ನು ಮೆಲ್ಲಗೆ ಸುರಿದು, ಮಲಗಿದ ಕೂಸಿಗೆ ಹೊದೆಸುವವನಂತೆ ಅಂಗೈಯಿಂದ ಸವರಿದ.

"ಭೀಮಶಾ," ಎಂದ. ಆಮೇಲೆ ಗೋಡೆಯೊಳಗಿನವರಿಗೂ ಕೇಳುವಷ್ಟು ಜೋರಾಗಿ ಮತ್ತೊಮ್ಮೆ ಕರೆದ.