ಮೂಗಿಲ್ಲದ ಮರ

“ಮೂಗಿಂದ ದೂರ ಹಿಡಿಯೇ ಮುಂಡೆ. ಅದು ಬಿತ್ತನೆ ಶುಂಠಿ. ನಿಮ್ಮ ಕೇರಿ ಉಸ್ರು ತಾಗಿದ್ದನ್ನ ನಾನು ಪೂಜೆಗಿಡ್ಲಾ?”

ಹೊಸಬಾಳೆಯ ಶುಂಠಿ ಕಣದಲ್ಲಿ ಸಾಹುಕಾರ ಶಾಂತವೀರಪ್ಪನಿಗೆ ಬೆಳಗಾಗುತ್ತಿದ್ದುದೇ ಹೀಗೆ. ವನಜಮ್ಮ ಕೈ ಕೆಳಗಿಳಿಸಿದಳು. ಅವಳ ಜೊತೆ ಇನ್ನೂ ಆರು ಹೆಂಗಸರು. ಬಿತ್ತನೆಯದು ಒಂದು ರಾಶಿ, ಕೊಳೆತದ್ದು ಒಂದು ರಾಶಿ ಆರಿಸುವುದು ಅವರ ಕೂಲಿ. ಮೂಸದೆ ಒಳಗಿನ ಕೊಳೆ ತಿಳಿಯುವುದಿಲ್ಲ. ಹಾಗಾಗಿ ಬೆವರು ಒರೆಸುವ ನೆಪದಲ್ಲಿ ಸೆರಗು ಮುಖಕ್ಕೆ ಹೋಗುತ್ತಿತ್ತು. ಸೆರಗಿನೊಳಗೆ ಶುಂಠಿ ಮುಟ್ಟಿದ ಬೆರಳು. ಮಾಘದ ಚಳಿಯಲ್ಲೂ ಅವರು ಬೆವರು ಒರೆಸುತ್ತಿದ್ದರು. ಸಾಹುಕಾರನಿಗೆ ಅನುಮಾನ ಬಂದಿರಲಿಲ್ಲ.

ಶುಂಠಿ ಆರಿಸುವ ಯಂತ್ರ ಕೂರಿಸಲು ಶಿಕಾರಿಪುರದಿಂದ ಬಂದ ದೀಪಶ್ರೀ ಮೂರು ದಿನ ಪಕ್ಕದಲ್ಲೇ ಕೂತು ಬರೆದುಕೊಂಡಳು. ಪ್ರತಿ ಗೆಡ್ಡೆಯ ಬಣ್ಣ, ತೂಕ, ಮೊಳಕೆಯ ಕಣ್ಣು. ವನಜಮ್ಮ ಅದನ್ನು ಯಾವ ರಾಶಿಗೆ ಎಸೆದಳು ಎಂಬುದು. ನಾಲ್ಕನೆಯ ದಿನ ಕಂಪ್ಯೂಟರ್ ಅಷ್ಟರಿಂದಲೇ ಪ್ರಶ್ನೆಗಳ ಒಂದು ಮರ ಬೆಳೆಸಿತು. ಅದರ ಚಿತ್ರ ಗೋಡೆಗೇರಿತು.

“ಬುಡ ಮೇಲಾಗಿ ನೇತಾಡ್ತದಲ್ಲೇ, ಬಾವಲಿ ಹಂಗೆ,” ಎಂದಳು ಕೂಲಿ ಹೆಂಗಸರಲ್ಲಿ ಒಬ್ಬಳಾದ ಗಂಗಾಶ್ರೀ.

“ಮೇಲಿಂದ ಕೇಳ್ತಾ ಇಳೀಬೇಕಮ್ಮ,” ಎಂದಳು ದೀಪಶ್ರೀ. “ಸಿಪ್ಪೆ ಹೊಳೀತದಾ? ಹೌದಾದ್ರೆ ಈ ಕೊಂಬೆ. ಐವತ್ತು ಗ್ರಾಂ ಮೀರಿದ್ಯಾ? ಆ ಕೊಂಬೆ. ಎರಡು ಕಣ್ಣಿದಾವಾ? ಕೊನೇ ಎಲೇಲಿ ಉತ್ತರ ಇರ್ತದೆ: ಬಿತ್ತನೆ, ಇಲ್ಲಾ ಕೊಳೆ.”

“ಸೋಮವಾರದಿಂದ ಈ ಮರಾನೇ ನನ್ನ ಕೂಲಿಯೋಳು,” ಎಂದು ಸಾಹುಕಾರ ನಕ್ಕ. “ಇದು ಉಸಿರಾಡಲ್ಲ. ನೀವು ಹೊರಡ್ರೇ.”

ಪರೀಕ್ಷೆಗೆಂದು ಯಂತ್ರ ಒಂದು ಬುಟ್ಟಿ ಶುಂಠಿ ಆರಿಸಿತು. ಅದರ ಬಿತ್ತನೆ ರಾಶಿಯಿಂದ ವನಜಮ್ಮ ಹೊಳೆಯುವ, ತೂಕದ, ಮೂರು ಕಣ್ಣಿನ ಗೆಡ್ಡೆಯೊಂದನ್ನು ಎತ್ತಿ ಮುರಿದಳು. ಬಿಳಿ ಕೀವು ಸಾಹುಕಾರನ ಪಂಚೆಗೆ ಸಿಡಿಯಿತು. ಇನ್ನೊಂದು ಮುರಿದಳು. ಅದೂ ಅಷ್ಟೇ.

ದೀಪಶ್ರೀ ಪೆಚ್ಚಾದಳು. “ಇಂಥವನ್ನೆಲ್ಲ ನೀವು ಸರಿಯಾಗಿ ಕೊಳೆಗೇ ಎಸೆದ್ರಲ್ಲ. ನಾನು ಎಂತ ಬರ್ಕಳ್ಳೋದು ಬಿಟ್ಟೆ?”

“ಬೆವ್ರು ಒರೆಸಿದ್ದು.”

ಹೆಂಗಸರು ಕಿಸಕ್ಕೆಂದರು.

“ವಾಸ್ನೆ ಕಣವ್ವ. ಮೂಸ್ಬಾರ್ದು ಅಂತ ಸಾವ್ಕಾರ್ರ ಅಪ್ಪಣೆ. ಕದ್ದು ಮೂಸಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ಲ. ಅದ್ಕೇ ನಿನ್ನ ಮರಕ್ಕೆ ಮೂಗು ಬರ್ಲಿಲ್ಲ.”

ಸಾಹುಕಾರನ ಮುಖ ಬಿಗಿಯಿತು. “ಹಂಗಾರೆ ಈಗ ಮೂಸಿ ತೋರ್ಸೇ. ಬರ್ಕಳ್ಲಿ.”

“ಉಸ್ರು ತಾಗ್ತದಲ್ರಿ ಸಾವ್ಕಾರ್ರೆ. ನಿಮ್ಮ ಮೂಗು ಮಡಿ. ನೀವೇ ಮೂಸಿ ಕಲ್ಸ್ರಿ.” ಮುರಿದ ಗೆಡ್ಡೆಯನ್ನು ಅವನ ಮೂಗಿನಡಿಗೇ ಹಿಡಿದಳು. ಅವನು ಓಕರಿಸುತ್ತ ಗೋಡೆಗೆ ಒರಗಿದ. ಮರ ಹರಿದು ಕೆಳಗೆ ಬಿತ್ತು.

ವನಜಮ್ಮ ಸೆರಗು ಸರಿಸಿ, ಬಾಗಿ, ಸಾಹುಕಾರನನ್ನೇ ಒಮ್ಮೆ ನಿಧಾನವಾಗಿ ಮೂಸಿದಳು. ಆಮೇಲೆ ಗದ್ದವೆತ್ತಿ ಕೊಳೆ ರಾಶಿ ತೋರಿಸಿದಳು.

ದೀಪಶ್ರೀ ಅದನ್ನೂ ಬರೆದುಕೊಂಡಳು.